ರೋಗಿ ಬಯಸಿದ್ದು

‘ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ’ ಎಂಬ ಗಾದೆಯನ್ನು ಕಟ್ಟಿದವನು ಅಂಥ ಯೋಗ ಎಷ್ಟು ಅಪರೂಪವೆಂಬುದನ್ನು ಬಲ್ಲವನೇ ಇರಬೇಕು. ಹನ್ನೆರಡು ವರ್ಷಗಳಿಂದ ರಕ್ತದೊತ್ತಡವನ್ನು ಸಾಕಿಕೊಂಡಿರುವ ನನಗಂತೂ ಅದು ಒಮ್ಮೆಯೂ ಒದಗಿರಲಿಲ್ಲ. ನಾನು ಬಯಸಿದ್ದು ಮಾವಿನ ಮಿಡಿ ಉಪ್ಪಿನಕಾಯಿ. ವೈದ್ಯರು ಹೇಳಿದ್ದು, ದಿನಕ್ಕೆ 5 ಗ್ರಾಂ ಮುಟ್ಟದಷ್ಟು ಉಪ್ಪು.

ಕಳೆದ ತಿಂಗಳು ಮೊಬೈಲಿನ ಚಾಟ್‌ಬಾಟನ್ನು ಕೇಳಿದೆ. ಎಂಥ ವಿನಯ! ಗದರಲಿಲ್ಲ, ಗಡಿಯಾರ ನೋಡಲಿಲ್ಲ. ಮೊದಲ ಉತ್ತರ ಹಿಡಿಸದೆ, ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳಿದೆ. ನಾಲ್ಕನೆಯ ಸಲಕ್ಕೆ, ಸೋಡಿಯಂ ಕಡಿಮೆ ಇರುವ ಉಪ್ಪು ಬಳಸಿದರೆ ಸ್ವಲ್ಪ ಉಪ್ಪಿನಕಾಯಿ ಆಗಬಹುದೆಂಬ ಅಪ್ಪಣೆ ದೊರೆಯಿತು. ಹಿಗ್ಗಿ ವೈದ್ಯರಿಗೆ ತಿಳಿಸಿದೆ. “ಮೂತ್ರಪಿಂಡದ ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು, ರಾಯರೇ?” ಎಂದರು. ಆ ಉಪ್ಪಿನಲ್ಲಿ ಸೋಡಿಯಂನ ಬದಲು ಪೊಟ್ಯಾಸಿಯಂ ಸೇರಿರುತ್ತದೆ. ಮೂತ್ರಪಿಂಡ ಸೋತಿದ್ದರೆ, ಅದರಲ್ಲೂ ನಾನು ನುಂಗುವ ಟೆಲ್ಮಿಸಾರ್ಟಾನ್ ಮಾತ್ರೆಯ ಜೊತೆಗೆ, ಅದು ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸಬಹುದು.

ಯಂತ್ರ ಸುಳ್ಳು ಹೇಳಿತೆ? ಇಲ್ಲ. ಅದು ಹೇಳಿದ್ದು ಅನೇಕರಿಗೆ ಸಲ್ಲುವ ಮಾತು. ನನಗೆ ಸಲ್ಲುವುದೇ ಎಂದು ಅದು ವಿಚಾರಿಸಲಿಲ್ಲ. ಮಾತ್ರೆಯ ಹೆಸರನ್ನು ನಾನೂ ಹೇಳಲಿಲ್ಲ.

2025ರಲ್ಲಿ ಅಮೆರಿಕದ ವೈದ್ಯರು ಒಂದು ಪ್ರಕರಣವನ್ನು ಪ್ರಕಟಿಸಿದರು. ಅರುವತ್ತು ವರ್ಷದ ಒಬ್ಬರು, ಉಪ್ಪಿನಲ್ಲಿರುವ ಕ್ಲೋರೈಡನ್ನು ತ್ಯಜಿಸಬೇಕೆಂದು ಚಾಟ್‌ಜಿಪಿಟಿಯನ್ನು ವಿಚಾರಿಸಿ, ಮೂರು ತಿಂಗಳು ಉಪ್ಪಿನ ಬದಲು ಸೋಡಿಯಂ ಬ್ರೋಮೈಡನ್ನು ಬಳಸಿದರು. ಕೊನೆಗೆ, ನೆರೆಯವನು ತನಗೆ ವಿಷವಿಕ್ಕುತ್ತಿದ್ದಾನೆಂಬ ಶಂಕೆ ಹೊತ್ತು ಆಸ್ಪತ್ರೆಗೆ ಬಂದರು. ವೈದ್ಯರು ತಾವೇ ಅಂಥ ಪ್ರಶ್ನೆ ಹಾಕಿ ನೋಡಿದಾಗ ಬ್ರೋಮೈಡಿನ ಹೆಸರು ಬಂತು, ‘ಏಕೆ ಕೇಳುತ್ತೀರಿ?’ ಎಂಬ ಮರುಪ್ರಶ್ನೆ ಬರಲಿಲ್ಲ.

ಆ ಪ್ರಶ್ನೆಯನ್ನೂ ಯಂತ್ರ ಕಲಿತೀತು. ವೈದ್ಯರಿಗೆ ಐದು ನಿಮಿಷದ ಬಿಡುವೂ ಇಲ್ಲದ ಊರಿನಲ್ಲಿ, ನಡುರಾತ್ರಿಯೂ ಉತ್ತರಿಸುವ ಅದನ್ನು ನಾನು ಹಳಿಯಲಾರೆ. ನನ್ನನ್ನು ಕಾಡುವುದು ಬೇರೆ. ವೈದ್ಯರ ಮುಂದೆ ಕೂತಾಗ ‘ಬೇಡ’ ಎಂಬುದನ್ನು ಒಂದೇ ಸಲ ಕೇಳಿ ತಲೆಬಾಗುವ ನಾನು, ಯಂತ್ರದ ಮುಂದೆ ‘ಆಗಲಿ’ ಎನ್ನುವವರೆಗೆ ಬಿಡಲಿಲ್ಲ. ತೀರ್ಪು ನಾಲಗೆಯಲ್ಲಿ ಮೊದಲೇ ಸಿದ್ಧವಾಗಿತ್ತು. ನಾನು ಹುಡುಕಿದ್ದು ಅದಕ್ಕೊಂದು ರುಜು. ನಮ್ಮ ಮೇಲೆ ಎಂದೂ ಬೇಸರಗೊಳ್ಳದ ಸಲಹೆಗಾರನೆದುರು ನಮ್ಮ ಹಟಕ್ಕೆ ಅಂಕೆಯೆಲ್ಲಿ? ಅಲ್ಲಿ ‘ಸಾಕು’ ಎನ್ನಬೇಕಾದವರು ನಾವೇ.

ಈಗಲೂ ಯಂತ್ರವನ್ನು ಕೇಳುತ್ತೇನೆ. ಮಾತ್ರೆ, ಪರೀಕ್ಷೆ, ಎಲ್ಲವನ್ನೂ ಮುಂದಿಟ್ಟು ಕೇಳುತ್ತೇನೆ. ಒಂದೇ ಸಲ ಕೇಳುತ್ತೇನೆ. ಉತ್ತರವನ್ನು ಬರೆದುಕೊಂಡು ಹೋಗಿ ವೈದ್ಯರಿಗೆ ತೋರಿಸುತ್ತೇನೆ. ಉಪ್ಪಿನಕಾಯಿಯ ಭರಣಿ ಮಾತ್ರ ಇನ್ನೂ ಅಟ್ಟದ ಮೇಲೆಯೇ ಇದೆ.