ಇಳಿದವನ ಹಕ್ಕು

ಎಲ್ಲಿಗೆ ತಲಪಬಲ್ಲೆವೋ ಅಲ್ಲಿರುವುದೆಲ್ಲ ನಮ್ಮದೆಂದು ತಿಳಿಯುವುದು ಮನುಷ್ಯನ ಹಳೆಯ ಅಭ್ಯಾಸ. ನೆಲದ ಮೇಲೆ ಈ ಅಭ್ಯಾಸಕ್ಕೆ ಬೇಲಿಯುಂಟು, ಕೋರ್ಟು ಕಚೇರಿಯುಂಟು, ಜಗಳಕ್ಕೆ ಬರುವ ನೆರೆಯವನುಂಟು. ಕಡಲಿನ ತಳದಲ್ಲಿ ನೆರೆಯವನೇ ಇಲ್ಲ. ಅಲ್ಲಿ ನಮ್ಮ ಕೈ ತಡೆಯತಕ್ಕದ್ದು ಯಾವುದು?

೧೯೭೭ರಲ್ಲಿ ಗಲಪಾಗೋಸ್ ದ್ವೀಪಗಳ ಬಳಿ ‘ಆಲ್ವಿನ್’ ಎಂಬ ಪುಟ್ಟ ಜಲಾಂತರ್ನೌಕೆಯಲ್ಲಿ ಸುಮಾರು ೨೫೦೦ ಮೀಟರ್ ಇಳಿದವರು, ಜ್ವಾಲಾಮುಖಿ ಶಿಲೆಯ ಬಿರುಕುಗಳಿಂದ ಬಿಸಿನೀರು ಚಿಮ್ಮುವುದನ್ನು ಕಂಡರು. ಅವರು ಭೂವಿಜ್ಞಾನಿಗಳು, ಕಲ್ಲು ನೋಡಲು ಹೋದವರಿಗೆ ಕಂಡದ್ದು ಬದುಕು. ಬಿಸಿಲು ಮುಟ್ಟದ ಕತ್ತಲಲ್ಲಿ ಬುಗ್ಗೆಯ ಗಂಧಕದಿಂದ ಆಹಾರ ಮಾಡಿಕೊಳ್ಳುವ ಸೂಕ್ಷ್ಮಜೀವಿಗಳು. ಅವನ್ನು ನೆಚ್ಚಿದ ಹುಳುಗಳ, ಚಿಪ್ಪುಜೀವಿಗಳ ಸಂಸಾರ.

೨೦೨೪ರ ಡಿಸೆಂಬರಿನಲ್ಲಿ ನಮ್ಮ ದೇಶದ ವಿಜ್ಞಾನಿಗಳೂ ಯಂತ್ರವೊಂದನ್ನು ಇಳಿಬಿಟ್ಟು, ಹಿಂದೂ ಮಹಾಸಾಗರದ ಸುಮಾರು ೪೫೦೦ ಮೀಟರ್ ಆಳದ ಇಂಥದೊಂದು ಬುಗ್ಗೆಯ ಚಿತ್ರ ತೆಗೆದರು. ಬುಗ್ಗೆಗಳ ಸುತ್ತ ತಾಮ್ರ, ಸತು, ಬೆಳ್ಳಿ, ಚಿನ್ನಗಳಿರುವ ಅದಿರು ಕಟ್ಟಿಕೊಳ್ಳುತ್ತದೆ. ಅದನ್ನು ಹುಡುಕಲು ಕಡಲತಳದ ಅಂತರರಾಷ್ಟ್ರೀಯ ಪ್ರಾಧಿಕಾರದೊಡನೆ ಭಾರತ ೨೦೧೬ರಲ್ಲೊಂದು, ೨೦೨೫ರಲ್ಲೊಂದು ಒಪ್ಪಂದ ಮಾಡಿಕೊಂಡಿದೆ. ಸದ್ಯಕ್ಕೆ ಅನುಮತಿ ಹುಡುಕುವುದಕ್ಕೆ, ಅಗೆಯುವುದಕ್ಕಲ್ಲ. ಆದರೆ ಹುಡುಕುವವನ ದೀಪ, ಅಗೆಯುವವನ ದೀಪ ಎರಡೂ ಒಂದೇ.

ದಂಡು ಪ್ರದೇಶದಲ್ಲಿ ಕುಳಿತು ಪತ್ರಿಕೆ ಓದುವವರಿಗೆ ಇದು ದೂರದ ಮಾತೆನಿಸಬಹುದು. ಅಷ್ಟೇನೂ ದೂರವಲ್ಲ. ದಂಡು ನಿಲ್ದಾಣದಿಂದ ಕೃಷ್ಣರಾಜಪುರ, ಬಂಗಾರಪೇಟೆ ದಾಟುವ ರೈಲು ಮಾರಿಕುಪ್ಪಂ ಮುಟ್ಟುತ್ತದೆ. ಕೋಲಾರ ಚಿನ್ನದ ಗಣಿಯ ಆ ಸೀಮೆಯ ಕಪ್ಪುಶಿಲೆ ಸುಮಾರು ೨೭೦ ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾ. ಪೆದ್ದಪಲ್ಲಿಯ ಬಳಿ ಅದು ದಿಂಬುಗಳ ಆಕಾರದಲ್ಲಿ ತಣಿದು ನಿಂತಿರುವುದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿ ಕಾಪಾಡಲಾಗಿದೆ. ಬತ್ತಿದ ಆ ಕಡಲತಳಕ್ಕೆ ಮನುಷ್ಯ ಇಳಿದ. ಚಾಂಪಿಯನ್ ರೀಫ್ ಗಣಿ ೩ ಕಿಲೋಮೀಟರಿಗೂ ಆಳ ಹೋಯಿತು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಆ ಗಣಿಗೆ. ಬೆಂಗಳೂರಿಗೆ ಬಂದದ್ದು ೧೯೦೫ರಲ್ಲಿ. ನಮ್ಮ ದೀಪ ಚಿನ್ನದ ಬೆನ್ನು ಹಿಡಿದು ಬಂತು. ೨೦೦೧ರಲ್ಲಿ ಗಣಿ ಮುಚ್ಚಿತು. ಲಾಭ ಎಂದೋ ರೈಲು ಹತ್ತಿ ಹೋಗಿತ್ತು. ಸೈನೈಡ್ ಗುಡ್ಡಗಳ ಧೂಳು ಊರಿನವರ ಪಾಲಿಗೆ ಉಳಿಯಿತು.

ಹಾಗೆಂದು ಅಗೆಯುವುದೇ ಪಾಪವೆಂದುಬಿಡುವುದು ಸುಲಭ; ಪ್ರಾಮಾಣಿಕವಲ್ಲ. ಹಾಗೆನ್ನುವವನ ಮನೆಯ ತಂತಿಯಲ್ಲೂ ತಾಮ್ರವಿದೆ. ಕಡಲನ್ನು ಬಿಟ್ಟರೆ ನೆಲದ ಮೇಲೆ ಯಾರದೋ ಊರನ್ನು ಎಬ್ಬಿಸಬೇಕಾದೀತು, ಕಡಲತಳದಲ್ಲಿ ಊರಿಲ್ಲವಲ್ಲ ಎನ್ನುವವರುಂಟು. ತಳ್ಳಿಹಾಕತಕ್ಕ ವಾದವಲ್ಲ ಇದು. ಆದರೆ ಅಲ್ಲಿ ಯಾರೂ ಇಲ್ಲವೆಂಬುದು ಸುಳ್ಳು. ಹಿಂದೂ ಮಹಾಸಾಗರದ ಕೆಲವೇ ಬುಗ್ಗೆಗಳ ಬಳಿ, ಕಬ್ಬಿಣದ ಅಂಶವುಳ್ಳ ಹುರುಪೆ ಹೊದ್ದ ಬಸವನಹುಳುವೊಂದು ಬಾಳುತ್ತದೆ. ಅದು ಮನುಷ್ಯನ ಕಣ್ಣಿಗೆ ಬಿದ್ದದ್ದು ೨೦೦೧ರಲ್ಲಿ. ಗಣಿಯ ಭಯದಿಂದ ಅದನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿದ್ದು ೨೦೧೯ರಲ್ಲಿ. ಪರಿಚಯಕ್ಕೂ ಗಂಡಾಂತರಕ್ಕೂ ನಡುವೆ ಹದಿನೆಂಟೇ ವರ್ಷ!

ಹಲಸೂರು ಕೆರೆಯಲ್ಲಿ ೨೦೧೬ರ ಮಾರ್ಚಿಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ದಡದಲ್ಲಿ ನಡೆಯುವವರು ಮೂಗು ಮುಚ್ಚಿಕೊಂಡರು, ಪತ್ರಿಕೆಗಳು ಬರೆದವು, ಅಧಿಕಾರಿಗಳು ಉತ್ತರ ಹೇಳಬೇಕಾಯಿತು. ಕಡಲಿನ ಆಳದಲ್ಲಿ ಸತ್ತದ್ದು ತೇಲಿ ಬರುವುದಿಲ್ಲ, ನಾರುವುದಿಲ್ಲ. ಸಾಕ್ಷಿಯಿಲ್ಲದೆಡೆ ಉಳಿಯುವುದು ನಮ್ಮ ಮನಸ್ಸಾಕ್ಷಿಯೊಂದೇ. ನೀತಿಗೆ ನಿಜವಾದ ಪರೀಕ್ಷೆ ಅಲ್ಲಿಯೇ ಅಲ್ಲವೆ?

ಇಳಿಯಲೇಬಾರದೆಂದಲ್ಲ. ಇಳಿಯದಿದ್ದರೆ ಆ ಬಡಹುಳುವಿನ ಪರವಾಗಿ ಮಾತಾಡಲೂ ನಮಗೆ ತಿಳಿಯುತ್ತಿರಲಿಲ್ಲ. ಬಿಸಿ ಆರಿದ ಬುಗ್ಗೆಗಳ ವಿಚಾರವನ್ನು ಬೇರೆಯಾಗಿ ತೂಗಬಹುದು. ಜೀವ ಮಿಡಿಯುವ ಬುಗ್ಗೆಗಳನ್ನು ಬಿಟ್ಟುಬಿಡುವುದು ಲೇಸು. ಆಳಕ್ಕೆ ಇಳಿಯುವ ಶಕ್ತಿ ತಿಳಿಯುವ ಹಕ್ಕನ್ನು ಕೊಟ್ಟೀತು. ತೆಗೆದುಕೊಳ್ಳುವ ಹಕ್ಕನ್ನು ಬೇರೆಯಾಗಿಯೇ ಸಂಪಾದಿಸಬೇಕು. ಕೋಲಾರದ ಧೂಳಿಗೆ ಲೆಕ್ಕ ಒಪ್ಪಿಸದ ನಾವು ಅದನ್ನಿನ್ನೂ ಸಂಪಾದಿಸಿಲ್ಲ.