ನಾಮಿನಿ ಎಂದರೆ ಮಾಲೀಕನಲ್ಲ



ಸರ್ಕಾರಿ ನೌಕರಿಯಲ್ಲಿದ್ದ ಅಪ್ಪ ತೀರಿಕೊಂಡಾಗ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ: ನಾಮಿನಿ ಯಾರು? ಭವಿಷ್ಯನಿಧಿಯ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ: ನಾಮಿನಿ ಹಣ ಪಡೆದುಕೊಳ್ಳುವವರು ಮಾತ್ರ, ಪಾಲು ವಾರಸುದಾರರೆಲ್ಲರದು. ಕುಟುಂಬ ಪಿಂಚಣಿಯ ನಿಯಮ ಬೇರೆ. ಗೋವಾದ ಕಾನೂನಿನಲ್ಲಿ ಮಗನಿಗೂ ಮಗಳಿಗೂ ಸಮಪಾಲು.

ಆದರೂ ನಾಮಿನಿಯಾದ ಅಣ್ಣ, ‘ಮದುವೆಯಲ್ಲಿ ಕೊಟ್ಟಾಯಿತಲ್ಲ, ಸಹಿ ಹಾಕಮ್ಮ’ ಎಂದು ತಂಗಿಯ ಮುಂದೆ ಹಕ್ಕುಬಿಡುಗಡೆ ಪತ್ರ ಇಡುತ್ತಾನೆ. ತವರಿನ ಬಾಗಿಲು ಮುಚ್ಚೀತೆಂಬ ಭಯದಲ್ಲಿ ಹಾಕಿದ ಸಹಿ ಕಚೇರಿಗೆ ಸಾಕು, ಮನಸ್ಸಾಕ್ಷಿಗೆ ಸಾಕೇ? ಲೆಕ್ಕವೆಲ್ಲ ತಿಳಿದು, ಒಲ್ಲೆ ಎನ್ನಲೂ ಅವಕಾಶವಿದ್ದು, ಅವಳೇ ಬಿಟ್ಟುಕೊಟ್ಟರೆ ಅದು ದಾನ. ಇಲ್ಲದಿದ್ದರೆ ಕಿತ್ತುಕೊಂಡಂತೆಯೇ.

ಆಸ್ತಿ ಪಾಲು ಮಾಡಿಸೆಂದು ಬಂದವನಿಗೆ ಯೇಸುಸ್ವಾಮಿ ತೀರ್ಪು ಕೊಡಲಿಲ್ಲ, ಲೋಭದ ಬಗ್ಗೆ ಎಚ್ಚರಿಸಿದರು (ಲೂಕ 12). ಆ ಎಚ್ಚರಿಕೆ ಪಾಲು ಕೇಳುವವರಿಗಷ್ಟೇ ಅಲ್ಲ, ಹಣ ಕೈಯಲ್ಲಿಟ್ಟುಕೊಂಡವರಿಗೂ.