ಜಾತಿ ಕೇಳದ ಜಾತ್ರೆ

ಕಡಲಾಚೆಯ ಊರಿನ ಬೀದಿಯಲ್ಲಿ ನಿಂತು, ಯಾರದೋ ಕೈಯಡುಗೆಯನ್ನು ದುಡ್ಡು ಕೊಟ್ಟು ಕೊಂಡು, ಎಲ್ಲರ ನಡುವೆ ಉಣ್ಣುವುದು ಬಿಡುಗಡೆಯೇ? ಹೊಟ್ಟೆ ತುಂಬಿದವರಿಗೆ ಈ ಪ್ರಶ್ನೆ ಬರುವುದಿಲ್ಲ. ಅವರಿಗೆ ಊಟ ಅಂದ್ರೆ ರುಚಿ. ನಮಗೆ ಊಟ ಅಂದ್ರೆ ಮೊದಲು ಜಾಗ. ಎಲ್ಲಿ ಕೂರಬೇಕು, ಎಷ್ಟು ದೂರ ಕೂರಬೇಕು, ಯಾವ ಲೋಟ ಮುಟ್ಟಬೇಕು, ಯಾರು ಮೇಲಿಂದ ಎತ್ತಿ ಹಾಕುತ್ತಾರೆ. ಕೇರಿಯಿಂದ ಮೊದಲ ಸಲ ಡಿಗ್ರಿ ಹಿಡಿದು ಹೊರಬಿದ್ದ ನಮ್ಮಲ್ಲಿ ಕೆಲವರು ಈಗ ಓದಲು, ದುಡಿಯಲು ಲಂಡನ್ನಿಗೂ ಹೋಗಿದ್ದೇವೆ. ಅಲ್ಲಿ ಉಣ್ಣುವ ಸುಖವನ್ನು ನಾವು ಕೊಂಚ ತೂಗಿ ನೋಡಬೇಕಾಗಿದೆ.

ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ಪ್ರತಿವರ್ಷ ಆಗಸ್ಟ್ ತಿಂಗಳ ಕೊನೆಯ ಸೋಮವಾರ ಮತ್ತು ಅದರ ಹಿಂದಿನ ಭಾನುವಾರ ಕಾರ್ನಿವಲ್ ನಡೆಯುತ್ತದೆ. ಕೆರಿಬಿಯನ್ ದ್ವೀಪಗಳಿಂದ ಬಂದ ಕಪ್ಪು ಜನ ಕಟ್ಟಿದ ಜಾತ್ರೆ ಅದು. ಡ್ರಮ್ಮು ಸೀಳಿ ಮಾಡಿದ ಒಲೆಗಳಲ್ಲಿ ಕೆಂಡ, ಕೆಂಡದ ಮೇಲೆ ಜರ್ಕ್ ಕೋಳಿ, ಪಕ್ಕದಲ್ಲಿ ಆಡಿನ ಕರಿ, ರೊಟ್ಟಿ. ಆ ಹೊಗೆ ಮೂಗಿಗೆ ಬಡಿದರೆ ನಮಗೆ ಮಾರಿಹಬ್ಬದ ನೆನಪು. 'ನೀವು ಯಾವ ಜನ?' ಅಂತ ಅಲ್ಲಿ ಯಾರೂ ಕೇಳಲ್ಲ. ಖಾರ ಸಾಕಾ, ಇನ್ನೂ ಬೇಕಾ, ಅಷ್ಟೇ ಕೇಳೋದು.

ಆ ತಟ್ಟೆಗೊಂದು ಚರಿತ್ರೆಯಿದೆ. ಜರ್ಕ್ ಅನ್ನುವುದು ಜಮೈಕಾದ ಒಡೆಯರಿಂದ ತಪ್ಪಿಸಿಕೊಂಡು ಗುಡ್ಡ ಸೇರಿದ ಗುಲಾಮರ, ಅಂದರೆ ಮರೂನರ ಅಡುಗೆ. ಕಾಡುಹಂದಿಯ ಮಾಂಸಕ್ಕೆ ಮಸಾಲೆ ಸವರಿ ಸಣ್ಣ ಬೆಂಕಿಯಲ್ಲಿ ಬೇಯಿಸಿ ಉಂಡವರು ಅವರು. ಕಬ್ಬಿನ ತೋಟದ ಒಡೆಯರು ಗುಲಾಮರ ಹೊಟ್ಟೆಗೆಂದು ತರಿಸುತ್ತಿದ್ದ ಅಗ್ಗದ ಉಪ್ಪುಮೀನು ಇವತ್ತು ಆಕಿ ಹಣ್ಣಿನ ಜೊತೆ ಸೇರಿ ಜಮೈಕಾದ ರಾಷ್ಟ್ರೀಯ ಖಾದ್ಯವಾಗಿದೆ. ಆಡಿನ ಕರಿಯಂತೂ ನಮಗೆ ನೆಂಟರ ಮನೆಯದು. ಗುಲಾಮಗಿರಿ ಹೋದ ಮೇಲೆ ತೋಟಗಳಿಗೆ ಕೈಗಳು ಬೇಕಾದವು. 1845ರಲ್ಲಿ ಭಾರತದಿಂದ ಜಮೈಕಾಕ್ಕೂ ಟ್ರಿನಿಡಾಡಿಗೂ ಕರಾರಿನ ಕೂಲಿಗಳನ್ನು ತುಂಬಿಕೊಂಡ ಹಡಗುಗಳು ಹೋದವು. ಮುಂದೆ ಹೀಗೆ ಹೋದವರಲ್ಲಿ ನಮ್ಮಂಥ ಕೇರಿಗಳವರೂ ಇದ್ದರು. ಹಡಗಿನಲ್ಲಿ ಮಡಿ ಉಳಿಯಲಿಲ್ಲ. ಜೊತೆಯಲ್ಲಿ ಬಂದವರು ಒಬ್ಬರನ್ನೊಬ್ಬರು 'ಜಹಾಜಿ ಭಾಯಿ' ಎಂದು ಕರೆದುಕೊಂಡರು. ಆ ತಟ್ಟೆಯ ಕರಿಯಲ್ಲಿ ಅವರ ಕೈಯ ರುಚಿಯಿದೆ.

ಆ ಬೀದಿಯೂ ಪುಕ್ಕಟೆ ಸಿಕ್ಕಿದ್ದಲ್ಲ. 1958ರಲ್ಲಿ ಬಿಳಿಯರ ಗುಂಪುಗಳು ಅಲ್ಲೇ ಕಪ್ಪು ಜನರನ್ನು ಅಟ್ಟಾಡಿಸಿ ಹೊಡೆದವು. 1959ರ ಜನವರಿಯಲ್ಲಿ ಟ್ರಿನಿಡಾಡಿನಲ್ಲಿ ಹುಟ್ಟಿದ ಕಮ್ಯುನಿಸ್ಟ್ ಪತ್ರಕರ್ತೆ ಕ್ಲಾಡಿಯಾ ಜೋನ್ಸ್ ಅದಕ್ಕೆ ಉತ್ತರವಾಗಿ ಸೇಂಟ್ ಪ್ಯಾಂಕ್ರಾಸ್ ಸಭಾಂಗಣದಲ್ಲಿ ಕಾರ್ನಿವಲ್ ಮಾಡಿದಳು. ಅದೇ ಮೇ ತಿಂಗಳಲ್ಲಿ ಕೆಲ್ಸೋ ಕಾಕ್ರೇನ್ ಎಂಬ ಕಪ್ಪು ಬಡಗಿಯನ್ನು ನಾಟಿಂಗ್ ಹಿಲ್‌ನಲ್ಲಿ ಇರಿದು ಕೊಂದರು. 1966ರಲ್ಲಿ ಹಬ್ಬ ಬೀದಿಗಿಳಿಯಿತು. ಇಷ್ಟಾದರೂ ಬ್ರಿಟಿಷ್ ಸರ್ಕಾರ ಎಳೆಯ ವಯಸ್ಸಿನಲ್ಲೇ ಆ ದ್ವೀಪಗಳಿಂದ ಬಂದು ನೆಲೆಸಿದ ಮುದುಕರಿಗೆ ಕಾಗದ ಕೇಳಿ, ಕೆಲವರನ್ನು ಬಂಧಿಸಿ ಗಡೀಪಾರು ಮಾಡಿದ್ದು 2018ರಲ್ಲಿ ಬಯಲಾಯಿತು. ಅವರ ಕೋಳಿ ಬೇಕು, ಅವರು ಬೇಡ. ನಮಗಿದು ಹೊಸದೇ? ತಮಟೆ ಬೇಕು, ತಮಟೆ ಬಡಿಯೋನು ಗುಡಿಯ ಹೊರಗೇ ನಿಲ್ಲಬೇಕು.

ಹಾಗಾದರೆ ಆ ಜಾತ್ರೆಯಲ್ಲಿ ನಮಗೆ ಸಿಕ್ಕಿದ್ದೇನು? ನಾವು ಯಾರೆಂದು ಗೊತ್ತಿಲ್ಲದವರು ಕೊಟ್ಟ ಸಮಾನತೆ. ಅದು ಚಿಕ್ಕದಲ್ಲ. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ, ಅಮೆರಿಕ, ಯುರೋಪುಗಳಲ್ಲಿ ಕಳೆದ ವರ್ಷಗಳು ತಾನು ಅಸ್ಪೃಶ್ಯ ಎಂಬ ಅರಿವನ್ನೇ ಅಳಿಸಿಹಾಕಿದ್ದವು ಎಂದು ಬರೆದಿದ್ದಾರೆ. ಆದರೆ ಬರೋಡಕ್ಕೆ ಬಂದಿಳಿದಾಗ ಮಲಗಲು ಜಾಗ ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ಇಳಿದುಕೊಂಡದ್ದು ಗೊತ್ತಾಗಿ ಜನ ದೊಣ್ಣೆ ಹಿಡಿದು ಬಂದರು. ನಮಗಂತೂ ಬರೋಡಕ್ಕೆ ವಾಪಸು ಬರುವತನಕ ಕಾಯಬೇಕಿಲ್ಲ. ಲಂಡನ್ನಿನಲ್ಲೇ ನಮ್ಮ ನಾಡಿನವರು ಸೇರಿದ ಹಬ್ಬದೂಟಕ್ಕೆ ಹೋದರೆ ಸಾಕು. ಊರು ಯಾವುದು, ಮನೆ ಹೆಸರೇನು, ನೀವು ವೆಜ್ಜಾ ನಾನ್‌ವೆಜ್ಜಾ ಅಂತ ಶುರುವಾಗುತ್ತೆ. ಬ್ರಿಟನ್ನಿನ ಸಮಾನತಾ ಕಾಯಿದೆಯಲ್ಲಿ ಜಾತಿಯನ್ನೂ ಸೇರಿಸಬೇಕೆಂದು 2013ರಲ್ಲಿ ಅಲ್ಲಿನ ಪಾರ್ಲಿಮೆಂಟು ಒಪ್ಪಿತ್ತು. 2018ರಲ್ಲಿ ಸರ್ಕಾರ ಹಿಂದೆ ಸರಿಯಿತು. ಸಾಗರ ದಾಟಿದ ಮಡಿವಂತಿಕೆಗೆ ವೀಸಾ ಸುಲಭವಾಗಿ ಸಿಗುತ್ತದೆ.

ಆದ್ದರಿಂದ ಗುರುತು ಮುಚ್ಚಿಟ್ಟು ಉಣ್ಣುವ ಸುಖಕ್ಕೆ ನಾವು ಒಗ್ಗಿಹೋಗಬಾರದು. ಆ ಕಪ್ಪು ಜನ ಗುರುತು ಮುಚ್ಚಿಡಲಿಲ್ಲ. ತಮ್ಮನ್ನು ಹೊಡೆದ ಬೀದಿಯಲ್ಲೇ ಒಲೆ ಹೂಡಿ, ಇದು ನಮ್ಮ ಅಡುಗೆ, ಇದು ನಮ್ಮ ಹೆಸರು ಎಂದರು.

'ಸತ್ತ ದನದ ಬಾಡು ಬಿಡಿ, ಎಂಜಲು ಬಿಡಿ ಅಂತ ಅಂಬೇಡ್ಕರರೇ 1927ರಲ್ಲಿ ಮಹಾಡಿನಲ್ಲಿ ಹೇಳಿದ್ರಲ್ಲ, ಈಗ ನೀವು ಕೀಳು ಊಟಾನೇ ಮೆರೆಸ್ತೀರಾ?' ಅಂತ ಕೆಲವರು ಕೇಳ್ತಾರೆ. ಅವರು ಬಿಡಿ ಎಂದದ್ದು ಅವಮಾನದ ಕೂಲಿಯನ್ನು. ಸತ್ತದ್ದನ್ನು ಹೊರು, ಉಳಿದದ್ದನ್ನು ತಿನ್ನು ಎಂಬ ಕಟ್ಟಳೆಯನ್ನು. ನಾವು ದುಡಿದ ದುಡ್ಡಲ್ಲಿ ಕೊಂಡು, ನಮ್ಮವ್ವನ ಕೈಯ ಹದದಲ್ಲಿ ಬೇಯಿಸಿದ ಬೋಟಿಗೊಜ್ಜು ಎಂಜಲಲ್ಲ. ಅದನ್ನು ಕೀಳು ಅನ್ನುವವರು ಇವತ್ತಿಗೂ ಆ ಕಟ್ಟಳೆಯ ಮಾತನ್ನೇ ಆಡುತ್ತಿದ್ದಾರೆ.

2024ರ ಡಿಸೆಂಬರಿನಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟವೂ ಇರಲಿ ಎಂದು ಕೇಳಿದ್ದೇ ದೊಡ್ಡ ಗದ್ದಲವಾಯಿತು. ಬಾಡಿನ ನೆಲದಲ್ಲಿ, ಕನ್ನಡದ ಹೆಸರಿನ ಜಾತ್ರೆಯಲ್ಲಿ, ನಾಡಿನ ಬಹುಜನರ ಊಟಕ್ಕೆ ಎಲೆ ಹಾಕಲು ಇಷ್ಟು ಹಿಂಜರಿಕೆ! ಪರದೇಶದ ಬೀದಿಯಲ್ಲಿ ಜರ್ಕ್ ಕೋಳಿ ಚಪ್ಪರಿಸಿ ಅದರ ಫೋಟೋ ಊರಿಗೆ ಕಳಿಸುವ ಮಡಿವಂತರಿಗೂ ಈ ಬಾಡು ನಾತ ಹೊಡೆಯಿತು.

ಗೆಳೆಯರೇ, ಅಲ್ಲಿ ಉಣ್ಣೋಣ, ಹೊಟ್ಟೆ ತುಂಬ ಉಣ್ಣೋಣ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೆ ಬರಲಿ. ಮಾರೋನ ಹೆಸರು ಕೇಳೋಣ, ನಮ್ಮ ಹೆಸರು, ನಮ್ಮ ಕೇರಿ ಎರಡನ್ನೂ ಹೇಳೋಣ. ಮುಂದಿನ ಸಲ ನಮ್ಮ ನಾಡಿನವರ ಹಬ್ಬದೂಟಕ್ಕೆ ಕರೆ ಬಂದಾಗ ಬೋಟಿಯ ಪಾತ್ರೆ ಹೊತ್ತುಕೊಂಡೇ ಹೋಗೋಣ. ಅದರ ಪಕ್ಕದಲ್ಲಿ ಯಾರು ಕೂರುತ್ತಾರೆ, ಯಾರು ಏಳುತ್ತಾರೆ, ನೋಡೇ ಬಿಡೋಣ.